ಕೂಸನ್ನ ಕೇಳಲ್ಲ, ನಮ್ಮನ್ನೇ ಕೇಳ್ತಾರೆ

ಹೋದ ಭಾನುವಾರ ಪೂಜೆ ಮುಗಿಸ್ಕೊಂಡು ಬಂದು ರೊಟ್ಟಿ ಹಂಚು ಒಲೆ ಮ್ಯಾಲೆ ಇಟ್ಟಿದ್ದೆ, ನಾದಿನಿ ಫೋನ್ ಮಾಡಿದ್ಲು. ಅವಳ ಕೂಸಿಗೆ ಈಗ ನಾಲ್ಕು ತಿಂಗಳು. "ಅತ್ತಿಗೆ, ಜ್ಞಾನಸ್ನಾನ ಡಿಸೆಂಬರಿಗೆ ಇಟ್ಕೊಂಡೀವಿ. ಈಗ ಹಾಲ್ ಸಿಗ್ತಿಲ್ಲ. ಜ್ಞಾನತಂದೆ ಆಗೋರಿಗೂ ದುಬೈನಿಂದ ಆವಾಗ್ಲೇ ರಜ ಅಂತೆ" ಅಂದ್ಲು. ನಾನು "ಆಯ್ತವ್ವ" ಅಂದು ಸುಮ್ನಾಗ್ಬೇಕಿತ್ತು. "ಜ್ಞಾನಸ್ನಾನ ಕೂಸಿಗೋ, ಹಾಲಿಗೋ?" ಅಂದುಬಿಟ್ಟೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಫೋನ್ ಇಟ್ಲು. ಇತ್ತ ರೊಟ್ಟಿನೂ ಸೀದುಹೋಗಿತ್ತು.

ಹಂಗೆ ಅನ್ನೋಕೆ ನನಗೇನೂ ಹಕ್ಕಿರ್ಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಮಾಡಿದ್ದೂ ಅದನ್ನೇ. ಅವಳಿಗೆ ಫೋನಿನಾಗೆ ಹೇಳೋಕೆ ಆಗದಿದ್ದನ್ನ ಇಲ್ಲಿ ಬರೀತಿದೀನಿ. ಮನೆಯಾಗೆ ಕೂಸು ಬರೋ ಬೇರೆಯೋರಿಗೂ ಉಪಯೋಗಕ್ಕೆ ಬಂದ್ರೆ ಬರಲಿ.

ನಮ್ಮ ದೊಡ್ಡ ಮಗಳು ಹುಟ್ಟಿದಾಗ ಜ್ಞಾನಸ್ನಾನಕ್ಕೆ ಒಂಬತ್ತು ತಿಂಗಳು ಕಾಯಿಸಿದ್ವಿ. ಕಾರಣ ನಾದಿನಿ ಹೇಳಿದ್ದೇ. ಹಾಲ್ ಖಾಲಿ ಇರ್ಬೇಕು, ಬೆಂಗಳೂರಿನೋರಿಗೆ ರಜ ಇರ್ಬೇಕು, ನಮ್ಮೆಜಮಾನ್ರ ದೊಡ್ಡಪ್ಪನ ಮಗ ಗಲ್ಫಿನಿಂದ ಬರ್ಬೇಕು. ಅವರೇ ಜ್ಞಾನತಂದೆ ಅಂತ ಹೆರಿಗೆಗೆ ಮುಂಚೆನೇ ಗೊತ್ತಾಗಿತ್ತು. ಯಾಕೆ ಅವರು ಅಂತ ಯಾರೂ ಕೇಳ್ಲಿಲ್ಲ. ಕುಲದಾಗೆ ಹೆಚ್ಚು ಮುಂದೆ ಬಂದೋರು, ಒಂದು ಚೈನು ಹಾಕ್ತಾರೆ, ಅಷ್ಟೇ. ಹಾಕಿದ್ರು ಕೂಡ. ಆ ದಿನ ನನಗೆ ನೆನಪಿರೋದು ಮೂರು. ಕೂಸಿಗೆ ತಂದಿದ್ದ ಜಾಲರಿ ಫ್ರಾಕು ಚುಚ್ಚಿ ಕತ್ತು ಕೆಂಪಗಾಗಿತ್ತು. ನೂರೈವತ್ತು ಊಟಕ್ಕೆ ಹೇಳಿದ್ದು ಸಾಲದೆ ಅನ್ನ ಮತ್ತೆ ಮಾಡಿಸಿದ್ದಾಯ್ತು. ಇನ್ನೊಂದು, ಚರ್ಚಿನ ಬಾಗಿಲಾಗೆ ಸ್ವಾಮಿಗಳು "ಈ ಕೂಸಿಗೆ ಧರ್ಮಸಭೆಯಿಂದ ಏನು ಕೇಳ್ತೀರಿ?" ಅಂದಾಗ ನಾವಿಬ್ರೂ ಫೋಟೋದವನ ಕಡೆ ನೋಡ್ತಿದ್ವಿ. ಹಿಂದಿನಿಂದ ನಮ್ಮತ್ತೆ ಮೆಲ್ಲಗೆ "ಜ್ಞಾನಸ್ನಾನ ಅನ್ರಿ" ಅಂದ್ರು. ಅಂದ್ವಿ.

ಮಗಳಿಗೆ ಈಗ ಹನ್ನೊಂದು. ಜ್ಞಾನತಂದೆ ಯಾರು ಅಂದ್ರೆ ಆಲ್ಬಮ್ಮಿನಾಗೆ ತೋರಿಸ್ತಾಳೆ. ಅವರನ್ನ ನೋಡಿದ್ದು ಎರಡು ಸಲ. ಅವರು ಕೆಟ್ಟೋರಲ್ಲ, ಅವರ ತಪ್ಪೂ ಅಲ್ಲ. ಆಗದ ಕೆಲಸಕ್ಕೆ ಅವರನ್ನ ಕರೆದೋರು ನಾವು.

ಆ ಒಂಬತ್ತು ತಿಂಗಳು ಮನೆಯಾಗೆ ನೆಮ್ಮದಿ ಇರ್ಲಿಲ್ಲ. ಅತ್ತೆಗೆ ಒಂದೇ ಅವಸರ. "ಮೊದಲು ನೀರು ಹಾಕಿಸ್ರಪ್ಪ, ಊಟ ಯಾವಾಗಾದ್ರೂ ಹಾಕಿಸ್ರಿ." ದಿನಾ ಅದೇ. ತೊಟ್ಟಿಲ ಕೆಳಗೆ ಕಬ್ಬಿಣ, ದಿಂಬಿನ ಕೆಳಗೆ ಜಪಸರ. ಮುಸ್ಸಂಜೆ ಕೂಸನ್ನ ಹೊರಗೆ ಬಿಡೋರಲ್ಲ. ಕೂಸು ಸೀನಿದ್ರೆ ಶಿಲುಬೆ ಗುರುತು ಹಾಕೋರು. ನನಗೆ ರೇಗಿ ಹೋಗ್ತಿತ್ತು. ಒಂದಿನ ಅಂದೇಬಿಟ್ಟೆ: "ಅತ್ತೆ, ಇದೆಲ್ಲ ಮೂಢನಂಬಿಕೆ. ದೇವರೇನು ಕೂಸಿನ ಮ್ಯಾಲೆ ಸಿಟ್ಟು ಮಾಡ್ಕೊಂಡು ಕೂತಿರ್ತಾನಾ?" ಅವರು ಏನೂ ಅನ್ಲಿಲ್ಲ. ಒಳಗೆ ಹೋಗಿ ಅಕ್ಕಿ ಆರಿಸ್ತಾ ಕೂತ್ರು. ಎರಡು ದಿನ ನನ್ನ ಜತೆ ಮಾತಿಲ್ಲ.

ಆಮೇಲೆ ಅವರಾಗೇ ಹೇಳಿದ್ರು. ನಮ್ಮೆಜಮಾನ್ರಿಗಿಂತ ಮುಂಚೆ ಅವರಿಗೊಂದು ಗಂಡು ಕೂಸು ಹುಟ್ಟಿತ್ತಂತೆ. ಮನೆಯಾಗೇ ಹೆರಿಗೆ, ಮಳೆಗಾಲ, ಹೊಳೆ ತುಂಬಿ ಹರೀತಿತ್ತು. ಸ್ವಾಮಿಗಳು ಇದ್ದದ್ದು ದೂರದ ಊರಾಗೆ. ಕೂಸು ಮೂರನೇ ದಿನಕ್ಕೆ ಹೋಯ್ತು. ಜ್ಞಾನಸ್ನಾನ ಆಗಿರ್ಲಿಲ್ಲ ಅಂತ ಸಮಾಧಿಭೂಮಿಗೆ ಒಯ್ಲಿಲ್ಲ, ತೋಟದ ಬದುವಿನಾಗೆ ಮಣ್ಣು ಮಾಡಿದ್ರು. ಮನೆಗೆ ಬಂದ ಹಿರಿಯರೊಬ್ಬರು ಬಾಣಂತಿ ಮುಂದೆನೇ "ಅದು ಸ್ವರ್ಗಕ್ಕೂ ಹೋಗಲ್ಲ, ನರಕಕ್ಕೂ ಹೋಗಲ್ಲ, ನಡುವೆ ಎಲ್ಲೋ ಇರುತ್ತೆ" ಅಂದ್ರಂತೆ. ಆ ಮಾತನ್ನ ಅತ್ತೆ ಮೂವತ್ತೈದು ವರ್ಷ ಒಳಗೇ ಇಟ್ಕೊಂಡಿದ್ರು. ಗಂಡನ ಹತ್ರನೂ ಬಾಯಿ ಬಿಟ್ಟಿರ್ಲಿಲ್ಲ. ನಾನು ಯಾವುದನ್ನ ಮೂಢನಂಬಿಕೆ ಅಂದಿದ್ನೋ ಅದು ಅವರ ಮೊದಲನೇ ಮಗ.

ನನಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಮುಂದಿನ ವಾರ ನಮ್ಮ ಸ್ವಾಮಿಗಳು ಮನೆಗೆ ಬಂದಾಗ ಕೇಳಿದೆ. ಅವರು ಅವಸರ ಮಾಡ್ದೆ ಕೂತು ಬಿಡಿಸಿ ಹೇಳಿದ್ರು. ಆ 'ನಡುವಿನ ಜಾಗ'ಕ್ಕೆ ಲಿಂಬೊ ಅಂತ ಹೆಸರು. ಹಿಂದಿನ ಪಂಡಿತರು ಹೇಳ್ಕೊಂಡು ಬಂದ ವಿಚಾರ ಅದು, ಧರ್ಮಸಭೆ ಯಾವತ್ತೂ ಅದನ್ನ ನಂಬಲೇಬೇಕಾದ ಸತ್ಯ ಅಂತ ಸಾರಿಲ್ಲ. 1992ರ ಧರ್ಮೋಪದೇಶದ ದೊಡ್ಡ ಗ್ರಂಥ ಇಂಥ ಕೂಸುಗಳನ್ನ ದೇವರ ಕರುಣೆಗೆ ಒಪ್ಪಿಸುತ್ತೆ. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರಜ್ಞರ ಆಯೋಗ ಇದರ ಬಗ್ಗೆನೇ ಒಂದು ಬರಹ ಹೊರಡಿಸ್ತು. ಜ್ಞಾನಸ್ನಾನ ಇಲ್ದೆ ಹೋದ ಕೂಸುಗಳಿಗೂ ದೇವರ ಹತ್ರ ಜಾಗ ಐತಿ ಅಂತ ಭರವಸೆ ಇಡೋಕೆ ಬಲವಾದ ಕಾರಣ ಅದಾವೆ ಅಂತ ಅದರ ಸಾರ. ತಂದೆತಾಯಿ ಜ್ಞಾನಸ್ನಾನ ಕೊಡಿಸ್ಬೇಕು ಅಂತಿದ್ದು ಅಷ್ಟರೊಳಗೆ ಕೂಸು ತೀರ್ಕೊಂಡ್ರೆ, ಬಿಷಪ್ಪರ ಅನುಮತಿ ತಗೊಂಡು ಚರ್ಚಿನ ವಿಧಿಯಲ್ಲೇ ಮಣ್ಣು ಮಾಡ್ಬಹುದು ಅಂತ 1983ರ ಧರ್ಮಸಭೆ ಕಾನೂನಿನಾಗೇ ಐತಿ.

ಅತ್ತೆ ಸೆರಗು ಬಾಯಿಗೆ ಹಿಡ್ಕೊಂಡು ಕೇಳಿಸ್ಕೊಂಡ್ರು. ಕೊನೆಗೆ ಒಂದೇ ಮಾತು ಅಂದ್ರು: "ಇದನ್ನ ಮೊದಲೇ ಯಾಕೆ ಯಾರೂ ಹೇಳ್ಲಿಲ್ಲ, ಸ್ವಾಮಿ?" ಸ್ವಾಮಿಗಳು ತಲೆ ತಗ್ಗಿಸಿದ್ರು. ಅದಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ.

ಆವತ್ತಿನಿಂದ ನನಗೆ ಎರಡು ಅನ್ನಿಸ್ತಾವೆ. ಹೆದರಿಕೆಯಿಂದ ಓಡಿ ಕೊಡಿಸೋದು ಸರಿ ಅಲ್ಲ. ಹಾಲಿಗೋಸ್ಕರ ಮುಂದೂಡೋದೂ ಸರಿ ಅಲ್ಲ. ಒಂದರಾಗೆ ದೇವರು ಪೊಲೀಸಪ್ಪನಂಗೆ ಆಗ್ತಾನೆ, ಇನ್ನೊಂದರಾಗೆ ಊಟಕ್ಕೆ ಕರೆದ ನೆಂಟನಂಗೆ ಆಗ್ತಾನೆ. ಎರಡರಲ್ಲೂ ಕೂಸಿಗೆ ನಾವೇನು ಕೊಡ್ತಿದೀವಿ ಅಂತ ಯಾರೂ ಯೋಚನೆ ಮಾಡಲ್ಲ.

ಧರ್ಮಸಭೆ ಕಾನೂನು ಹೇಳೋದು ತೀರ ಸರಳ. ಹುಟ್ಟಿದ ಮೊದಲ ಕೆಲವು ವಾರದೊಳಗೆ ಕೊಡಿಸ್ರಿ. ಅದಕ್ಕಾಗಿ ಹೆರಿಗೆ ಆದ ತಕ್ಷಣ, ಆದ್ರೆ ಹೆರಿಗೆಗೆ ಮುಂಚೆನೇ, ಸ್ವಾಮಿಗಳ ಹತ್ರ ಹೋಗಿ ತಯಾರಿ ಮಾಡ್ಕೊಳ್ರಿ. ಈ 'ಮುಂಚೆನೇ' ಅನ್ನೋದು ನಮ್ಮ ಮಂದಿ ಕಿವಿಗೆ ಬಿದ್ದೇ ಇಲ್ಲ. ಏಳನೇ ತಿಂಗಳಿಗೆ ಬಾಣಂತನದ ಅಂಟು, ಒಣಕೊಬ್ಬರಿ ತಂದಿಡ್ತೀವಿ. ಹಳೇ ಹತ್ತಿ ಸೀರೆ ಒಗೆದು ಕೂಸಿಗೆ ಬಟ್ಟೆ ಮಾಡಿಡ್ತೀವಿ. ಜ್ಞಾನಸ್ನಾನಕ್ಕೆ ಮಾತ್ರ ಹುಟ್ಟಿದ ಮ್ಯಾಲೆ ನೋಡೋಣ ಅಂತೀವಿ. ಬಾಣಂತಿಗೆ ನಿದ್ದೆನೇ ಇರಲ್ಲ, ಆವಾಗ ಏನು ತಯಾರಿ ಆಗುತ್ತೆ ಹೇಳ್ರಿ.

ಎರಡನೇ ಮಗನಿಗೆ ಬಸಿರಾದಾಗ ಏಳನೇ ತಿಂಗಳಿನಾಗೆ ಎರಡು ಸಂಜೆ ಇಬ್ರೂ ಹೋಗಿ ಸ್ವಾಮಿಗಳ ಎದುರು ಕೂತ್ವಿ. ಅಲ್ಲಿ ತಿಳಿದದ್ದನ್ನ ಇಲ್ಲಿ ಹೇಳಲೇಬೇಕು. ಹಳೇ ಕಾಲದ ವಿಧಿಯಾಗೆ ಪ್ರಶ್ನೆ ಎಲ್ಲ ಕೂಸಿಗೇ ಕೇಳ್ತಿದ್ರಂತೆ. "ನೀನು ಏನು ಬಯಸ್ತೀಯ, ನೀನು ನಂಬ್ತೀಯ?" ಅಂತ. ಕೂಸಿನ ಪರವಾಗಿ ಜ್ಞಾನತಂದೆ ಜ್ಞಾನತಾಯಿ ಉತ್ತರ ಹೇಳೋರು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ, ಕೂಸು ಕೂಸೇ, ಅದಕ್ಕೆ ತಕ್ಕಂಗೆ ವಿಧಿ ಇರ್ಬೇಕು, ಅಪ್ಪ ಅಮ್ಮಂದಿರ ಹೊಣೆ ಎದ್ದು ಕಾಣ್ಬೇಕು ಅಂತು. 1969ರಲ್ಲಿ ಬಂದ ಹೊಸ ವಿಧಿಯಾಗೆ ಪ್ರಶ್ನೆ ನಮ್ಮ ಕಡೆ ತಿರುಗ್ತು. ಕೂಸನ್ನ ಕೇಳಲ್ಲ, ನಮ್ಮನ್ನೇ ಕೇಳ್ತಾರೆ. ನೀವು ಸೈತಾನನ ಕೆಲಸ ಬಿಡ್ತೀರಾ? ನೀವು ನಂಬ್ತೀರಾ? ಈ ಕೂಸನ್ನ ವಿಶ್ವಾಸದಾಗೆ ಬೆಳೆಸೋದು ನಿಮ್ಮ ಕರ್ತವ್ಯ, ಗೊತ್ತೈತಾ?

ಒಂಬತ್ತು ತಿಂಗಳು ಕಾದು ಕೂಸಿಗೆ ಫ್ರಾಕು ತಂದಿದ್ವಿ. ಈ ಪ್ರಶ್ನೆಗೆ ಉತ್ತರ ಮಾತ್ರ ತಂದಿರ್ಲಿಲ್ಲ.

ಆವತ್ತು ಏನೇನು ನಡೆಯುತ್ತೆ ಅಂತ ಗೊತ್ತಿದ್ರೆ ತಯಾರಿನೂ ಸುಲಭ. ಮೊದಲು ಬಾಗಿಲಾಗೆ ನಿಲ್ಲಿಸಿ ಹೆಸರು ಕೇಳ್ತಾರೆ. ಹೆಸರು ಗಂಡ ಹೆಂಡತಿ ಮೊದಲೇ ಒಪ್ಪಿರ್ಬೇಕು, ಅಲ್ಲಿ ನಿಂತು ಗುಸುಗುಸು ಬ್ಯಾಡ. ಸಂತರ ಹೆಸರೇ ಇಡ್ಬೇಕು ಅಂತ ಈಗಿನ ಕಾನೂನಿನಾಗೆ ಇಲ್ಲ, ಕ್ರೈಸ್ತ ಭಾವನೆಗೆ ವಿರುದ್ಧ ಇರ್ಬಾರ್ದು ಅಷ್ಟೇ. ಆಮೇಲೆ ಸ್ವಾಮಿಗಳು ಕೂಸಿನ ಹಣೆ ಮ್ಯಾಲೆ ಶಿಲುಬೆ ಗುರುತು ಹಾಕ್ತಾರೆ, ನಮ್ಮ ಕೈಯಿಂದಲೂ ಹಾಕಿಸ್ತಾರೆ. ಅದನ್ನ ಒಂದೇ ದಿನಕ್ಕೆ ಬಿಡ್ಬಾರ್ದು. ನಾವು ಈಗಲೂ ಮಕ್ಕಳು ಸ್ಕೂಲಿಗೆ ಹೊರಟಾಗ ಹಾಕ್ತೀವಿ. ಹಣೆ ಮ್ಯಾಲೆ ಎರಡು ಗೆರೆ, ಅದಕ್ಕೆ ಎಷ್ಟು ಹೊತ್ತು ಬೇಕು?

ವಾಚನ, ಸಂತರ ಪ್ರಾರ್ಥನೆ ಮುಗಿದ ಮ್ಯಾಲೆ ಎದೆಗೆ ಎಣ್ಣೆ. ಆಮೇಲೆ ನಮ್ಮ ಉತ್ತರ. ಅದಾದ ಮ್ಯಾಲೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಾಗೆ ತಲೆ ಮ್ಯಾಲೆ ಮೂರು ಸಲ ನೀರು. ನಮ್ಮ ಮಂದಿಗೆ ಎಣ್ಣೆ ನೀರು ಹೊಸದಲ್ಲ, ಕೂಸಿಗೆ ದಿನಾ ಎಣ್ಣೆ ತಿಕ್ಕಿ ನೀರು ಹಾಕೋರೇ ನಾವು. ಮನೆ ನೀರು ದಿನಾ ಹಾಕ್ಬೇಕು. ಚರ್ಚಿನ ನೀರು ಜೀವಮಾನಕ್ಕೆ ಒಂದೇ ಸಲ, ಎರಡನೇ ಸಲ ಇಲ್ಲ. ನೀರಾದ ಮ್ಯಾಲೆ ನೆತ್ತಿಗೆ ಪರಿಮಳ ತೈಲ, ಬಿಳಿ ಬಟ್ಟೆ. ಕೊನೆಗೆ ಪಾಸ್ಕದ ದೊಡ್ಡ ಮೇಣದ ಬತ್ತಿಯಿಂದ ಒಂದು ಸಣ್ಣ ಬತ್ತಿ ಹಚ್ಚಿ ನಮ್ಮ ಕೈಗೆ ಕೊಡ್ತಾರೆ. ಆ ಬತ್ತಿ ಬಿಸಾಕ್ಬ್ಯಾಡ್ರಿ. ವರ್ಷಾ ಆ ದಿನ ಒಂದು ಗಳಿಗೆ ಹಚ್ಚಿ, ನಿನಗೆ ಹಿಂಗಾಯ್ತು ಅಂತ ಮಕ್ಕಳಿಗೆ ಹೇಳ್ರಿ. ದೊಡ್ಡವಳ ಬತ್ತಿ ಆ ಹಾಲಿನಾಗೇ ಎಲ್ಲೋ ಕಳೀತು. ಚಿಕ್ಕವನದು ಅಲ್ಮೇರಾದಾಗೆ ಐತಿ. ಅದನ್ನ ಹಚ್ಚಿದಾಗೆಲ್ಲ ಅವಳು "ನಂದೆಲ್ಲಿ?" ಅಂತಾಳೆ.

ಇನ್ನು ಜ್ಞಾನತಂದೆ, ಜ್ಞಾನತಾಯಿ. ಇಬ್ರೂ ಇರಲೇಬೇಕು ಅಂತಿಲ್ಲ, ಒಬ್ರಿದ್ರೂ ಸಾಕು. ಹದಿನಾರು ತುಂಬಿರ್ಬೇಕು, ಕಥೋಲಿಕರಾಗಿರ್ಬೇಕು, ಪರಮಪ್ರಸಾದ, ದೃಢೀಕರಣ ಆಗಿರ್ಬೇಕು, ನಂಬಿದ್ದಕ್ಕೆ ತಕ್ಕಂಗೆ ಬಾಳ್ತಿರ್ಬೇಕು. ಸ್ವಂತ ಅಪ್ಪ ಅಮ್ಮ ಆಗೋ ಹಂಗಿಲ್ಲ. ಬೇರೆ ಸಭೆಯ ಕ್ರೈಸ್ತ ಗೆಳೆಯರಿದ್ರೆ ಕಥೋಲಿಕ ಜ್ಞಾನತಂದೆಯೋ ತಾಯಿಯೋ ಜತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಇಷ್ಟು ನಿಯಮ. ಇದರ ಮ್ಯಾಲೆ ನಾನೊಂದು ಸೇರಿಸ್ತೀನಿ: ಕೂಸಿಗೆ ಜ್ವರ ಬಂದ್ರೆ ಮನೆಗೆ ಬರೋಷ್ಟು ಹತ್ತಿರ ಇರ್ಬೇಕು.

ಮಗನಿಗೆ ಜ್ಞಾನತಾಯಿ ಆಗಿ ನಾವು ಕೇಳಿದ್ದು ನಮ್ಮ ಚರ್ಚಿನಾಗೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡೋ ಒಬ್ಬ ಅಕ್ಕನ್ನ. ಬಟ್ಟೆ ಹೊಲಿದು ಬಾಳುವೆ ಮಾಡ್ತಾರೆ. ಕೇಳಿದಾಗ "ನನ್ನ ಕೈಲಿ ಏನು ಕೊಡೋಕಾಗುತ್ತವ್ವ?" ಅಂದ್ರು. ಕೊನೆಗೆ ನಮ್ಮತ್ತೆಯ ಬಿಳಿ ಹತ್ತಿ ಸೀರೆ ಕೇಳಿ ತಗೊಂಡು ಕೂಸಿಗೆ ಅಂಗಿ, ಕುಲಾವಿ ಹೊಲಿದ್ರು. ನೆಂಟರ ಪೈಕಿ ಇಬ್ರು ಮುಖ ತಿರುಗಿಸಿದ್ರು. "ಕುಲದಾಗೆ ಯಾರೂ ಇರ್ಲಿಲ್ಲೇನು?" ಅಂತ ನನ್ನ ಕಿವಿಗೆ ಬೀಳೋ ಹಂಗೇ ಅಂದ್ರು. ನಲವತ್ತೆರಡನೇ ದಿನಕ್ಕೆ, ಭಾನುವಾರದ ಪೂಜೆಯಾಗೇ ಜ್ಞಾನಸ್ನಾನ ಆಯ್ತು. ಮನೆಯಾಗೆ ಇಪ್ಪತ್ತೈದು ಮಂದಿಗೆ ಅನ್ನ ಸಾರು, ಶಾವಿಗೆ ಪಾಯಸ. ಆ ಅಕ್ಕ ಈಗಲೂ ಶನಿವಾರ ಸಂಜೆ ಬಂದು ನನ್ನ ಮಗನ ಜತೆ ಕೂತು ಜಪ ಹೇಳಿಸ್ತಾರೆ. ಅವನು ಅರ್ಧಕ್ಕೇ ಎದ್ದು ಓಡ್ತಾನೆ. ಅವರು ನಕ್ಕೊಂಡು ಉಳಿದರ್ಧ ತಾವೇ ಹೇಳ್ತಾರೆ. ಅದನ್ನ ನೋಡ್ತಾ ದೊಡ್ಡ ಮಗಳೂ ಬಂದು ಕೂತ್ಕೊಂತಾಳೆ.

ನಮ್ಮ ಹೊನ್ನಾಳಿ ಸೀಮೆಯಾಗೆ ನಾವು ಕಥೋಲಿಕರು ಹಿಡಿಯಷ್ಟು ಜನ. ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ರೂ ಚರ್ಚಿನ ಲೆಕ್ಕದಾಗೆ ಈಗಲೂ 1988ರಲ್ಲಿ ಆದ ಶಿವಮೊಗ್ಗ ಧರ್ಮಕ್ಷೇತ್ರದೋರು. ನಮ್ಮೂರು ದಾಟಿ ಹರಿಯೋ ತುಂಗಭದ್ರೆನೇ ಮುಂದೆ ಹರಿಹರಕ್ಕೆ ಹೋಗುತ್ತೆ. ಅಲ್ಲಿ ಆರೋಗ್ಯ ಮಾತೆ ಹತ್ರ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ ಮಂದಿ ಬರ್ತಾರೆ, ನಮ್ಮ ಓಣಿಯೋರೂ ಹರಕೆ ಹೊತ್ತು ಹೋಗ್ತಾರೆ. ಹಂಗಾಗಿ ಜ್ಞಾನಸ್ನಾನ ಅಂದ್ರೆ ಅದೂ ಒಂದು ಹರಕೆ ಇರ್ಬೇಕು ಅಂತ ಬಹಳ ಜನ ತಿಳ್ಕೊಂಡಾರೆ. ಅಲ್ಲ. ಹರಕೆ ತೀರಿದ ಮ್ಯಾಲೆ ಮುಗೀತು, ಇದು ಆವತ್ತಿನಿಂದ ಶುರು.

ಎದುರು ಮನೆ ಹುಡುಗಿ, ಕಾಲೇಜು ಓದೋಳು, ಒಂದಿನ ಕೇಳಿದ್ಲು: "ಆಂಟಿ, ಕೂಸಿಗೆ ಏನು ಗೊತ್ತಾಗುತ್ತೆ? ದೊಡ್ಡವನಾದ ಮ್ಯಾಲೆ ಅವನೇ ಆರಿಸ್ಕೊಳ್ಲಿ." ಒಳ್ಳೇ ಪ್ರಶ್ನೆ. ಕ್ರೈಸ್ತರಲ್ಲೇ ಬ್ಯಾಪ್ಟಿಸ್ಟರು ಹಂಗೇ ಮಾಡ್ತಾರೆ, ನಂಬಿದೋರಿಗೆ ಮಾತ್ರ ಕೊಡ್ತಾರೆ. ಕೂಸಿಗೆ ಯಾಕೆ ಅವಸರ ಅಂತ ಹೆಚ್ಚೂಕಡಿಮೆ ಕ್ರಿಸ್ತಶಕ 200ರ ಹೊತ್ತಿಗೇ ತೆರ್ತುಲಿಯನ್ ಅನ್ನೋ ಪಂಡಿತ ಬರೆದಿದ್ದ. ನಾನು ಉತ್ತರ ಹುಡುಕ್ತಿದ್ದಂಗೇ ಅವಳಜ್ಜಿ ಕಟ್ಟೆ ಮ್ಯಾಲಿಂದ ಅಂದ್ರು: "ನಿಂಗೆ ಲಿಂಗ ಕಟ್ಟಿದಾಗ ನಿಂಗೇನು ಗೊತ್ತಿತ್ತೇ? ನಿನ್ನ ಕೇಳಿ ಕಟ್ಟಿದ್ವಾ? ನಮ್ಮ ಕೂಸು ಅಂತ ಕಟ್ಟಿದ್ವಿ." ನಮ್ಮ ಓಣಿ ತುದಿಯ ಸಾಬರ ಮನೆಯಾಗೂ ಕೂಸು ಹುಟ್ಟಿದ ಕೂಡ್ಲೆ ಕಿವಿಯಾಗೆ ಅಜಾನ್ ಹೇಳ್ತಾರೆ. ಮೂರೂ ಒಂದೇ ಅಂತ ನಾನು ಹೇಳಲ್ಲ, ಒಂದೊಂದರ ಅರ್ಥ ಬೇರೆ. ಆದ್ರೆ ಕೂಸನ್ನ ಬರೀಗೈಯಲ್ಲಿ ಬೆಳೆಸೋಕೆ ಯಾರಿಗೂ ಆಗಲ್ಲ. ಕನ್ನಡ ಕಲಿಸೋ ಮುಂಚೆ ಅದರ ಒಪ್ಪಿಗೆ ಕೇಳ್ತೀವಾ?

ಅಜ್ಜಿ ಇನ್ನೊಂದೂ ಕೇಳಿದ್ರು, "ಎಳೇ ಕೂಸು ಏನು ಪಾಪ ಮಾಡಿತ್ತವ್ವ, ತೊಳೆಯಾಕೆ?" ಜನ್ಮಪಾಪ ಅಂದ್ರೆ ಕೂಸು ಮಾಡಿದ ಪಾಪ ಅಲ್ಲ. ಸಾಲ ಇರೋ ಮನೆಯಾಗೆ ಹುಟ್ಟಿದ ಕೂಸಿನಂಗೆ. ಸಾಲ ಅದು ಮಾಡಿಲ್ಲ, ಆದ್ರೆ ಆ ಮನೆಯಾಗೇ ಹುಟ್ಟಿದೆ. ಆ ಸಾಲ ತೀರಿಸಿದೋನ ಮನೆಗೆ ಮಗುವಾಗಿ ಸೇರಿಸೋದೇ ಜ್ಞಾನಸ್ನಾನ. ನನಗೆ ತಿಳಿದಷ್ಟು ಹೇಳಿದೆ. ಅಜ್ಜಿ "ಸಾಲದ ವಿಷಯ ನಮಗೂ ಗೊತ್ತು ಬಿಡು" ಅಂದು ನಕ್ರು.

ಮುಂದೆ ನನ್ನ ಮಕ್ಕಳು ದೊಡ್ಡೋರಾಗಿ ಬೇರೆ ದಾರಿ ಹಿಡಿಬಹುದು. ಕೈಕಾಲು ಕಟ್ಟೋಕಾಗಲ್ಲ, ಕಟ್ಟಲೂಬಾರ್ದು. ದೃಢೀಕರಣದ ಹೊತ್ತಿಗೆ ಅವರೇ ಬಾಯಿ ಬಿಟ್ಟು ಹೌದು ಅನ್ಬೇಕಾಗುತ್ತೆ. ಆದ್ರೆ ಏನಕ್ಕೆ ಹೌದು, ಏನಕ್ಕೆ ಇಲ್ಲ ಅಂತ ಗೊತ್ತಾಗೋಷ್ಟಾದ್ರೂ ಮನೆಯಾಗೆ ಕಂಡಿರ್ಬೇಕಲ್ಲ. ನಾವೇ ಪೂಜೆಗೆ ಹೋಗ್ದೆ, ಮನೆಯಾಗೆ ಒಂದು ಪ್ರಾರ್ಥನೆ ಇಲ್ದೆ ಕೂಸಿಗೆ ಕೊಡಿಸ್ತೀವಿ ಅಂದ್ರೆ, ಸ್ವಾಮಿಗಳು ಸ್ವಲ್ಪ ತಡೀರಿ ಅನ್ನಬಹುದು. ವಿಶ್ವಾಸದಾಗೆ ಬೆಳೀತದೆ ಅನ್ನೋ ಭರವಸೆ ಒಂಚೂರೂ ಇಲ್ದಿದ್ರೆ ಕಾರಣ ಹೇಳಿ ಮುಂದೂಡಬೇಕು ಅಂತ ಕಾನೂನು ಐತಿ. ಅದನ್ನ ಅವಮಾನ ಅಂತ ತಗೋಬಾರ್ದು. ಆ ಪ್ರಶ್ನೆ ನಮಗೆ ಯಾರೂ ಕೇಳ್ಲಿಲ್ಲ ಅನ್ನೋದೇ ನನ್ನ ಕೊರಗು.

ಇನ್ನೆರಡು ಮನೆವಾರ್ತೆ ಮಾತು. ರಿಜಿಸ್ಟರಿನಾಗೆ ಕೂಸಿನ ಹೆಸರು, ಹುಟ್ಟಿದ ತಾರೀಖು ಜನನ ಪತ್ರದಾಗೆ ಇದ್ದಂಗೇ ಬರೆಸ್ರಿ, ಸಹಿ ಹಾಕೋ ಮುಂಚೆ ಓದ್ರಿ. ಮುಂದೆ ಮದುವೆ ಹೊತ್ತಿಗೆ ಅದೇ ಪತ್ರ ಕೇಳ್ತಾರೆ, ದೃಢೀಕರಣ, ಮದುವೆ ಎಲ್ಲ ಅದೇ ಪುಸ್ತಕದಾಗೆ ದಾಖಲಾಗುತ್ತೆ.

ಎರಡನೇದು, ಕೂಸಿನ ಜೀವಕ್ಕೆ ಅಪಾಯ ಅಂದ್ರೆ ಸ್ವಾಮಿಗಳಿಗೆ ಕಾಯ್ಬೇಕಾಗಿಲ್ಲ. ಧರ್ಮಸಭೆ ಮಾಡೋದನ್ನೇ ಮಾಡ್ಬೇಕು ಅನ್ನೋ ಮನಸ್ಸಿದ್ರೆ ಯಾರು ಬೇಕಾದ್ರೂ ಕೊಡಬಹುದು. ಅಪ್ಪ, ಅಮ್ಮ, ನರ್ಸು, ಯಾರಾದ್ರೂ ಸರಿ. ಬರೀ ನೀರು ತಲೆ ಮ್ಯಾಲೆ ಹಾಕ್ತಾ, ಕೂಸಿನ ಹೆಸರು ಕರೆದು, ತಂದೆಯ, ಮಗನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಅನ್ಬೇಕು. ಆಮೇಲೆ ಚರ್ಚಿಗೆ ತಿಳಿಸಿ ದಾಖಲೆ ಮಾಡಿಸ್ಬೇಕು. ಕೂಸು ಹುಷಾರಾದ್ರೆ ಉಳಿದ ವಿಧಿ ಚರ್ಚಿನಾಗೆ ಮಾಡ್ತಾರೆ, ನೀರು ಮತ್ತೆ ಹಾಕಲ್ಲ. ಇದನ್ನ ಪ್ರತಿ ಕಥೋಲಿಕ ಮನೆಯೋರೂ ಹೆರಿಗೆಗೆ ಮುಂಚೆ ಕಲಿತಿರ್ಬೇಕು. ನಮ್ಮತ್ತೆಗೆ ಈ ವಿಷಯ ಗೊತ್ತಿದ್ದಿದ್ರೆ, ಆ ಮಳೆಗಾಲದಾಗೆ ಮನೆಯಾಗೆ ತುಂಬಿದ ಕೊಡ ಇತ್ತು, ಅವರ ಕೈನೂ ಇತ್ತು.

ಅದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಸಂಕಟ ಆಗುತ್ತೆ. ಅತ್ತೆ ಮಾತ್ರ ಈಗ ಹೆದರಲ್ಲ. ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ಮಾವನ ಸಮಾಧಿಗೆ ಬತ್ತಿ ಹಚ್ಚಿದ ಮ್ಯಾಲೆ ತೋಟಕ್ಕೆ ಹೋಗಿ ಬದುವಿನ ಹತ್ರನೂ ಒಂದು ಹಚ್ಚಿ ಬರ್ತಾರೆ. ಮೊದಲು ಅಲ್ಲಿಗೆ ಹೋಗ್ತಿರ್ಲಿಲ್ಲ.

ನಿನ್ನೆ ನಾದಿನಿಗೆ ನಾನೇ ಫೋನ್ ಮಾಡಿ ತಪ್ಪಾಯ್ತವ್ವ ಅಂದೆ. ಡಿಸೆಂಬರಿಗೆ ಹಾಲಿನಾಗೆ ಊಟ ಹಾಕ್ಲಿ, ದುಬೈನೋರು ಬಂದು ಚೈನು ಹಾಕ್ಲಿ, ಕೂಸು ನೋಡೋಕೆ ನಾವೂ ಹೋಗಿ ಉಂಡು ಬರ್ತೀವಿ. ಆದ್ರೆ ಜ್ಞಾನಸ್ನಾನಕ್ಕೆ ಊಟದ ತನಕ ಕಾಯ್ಬೇಕಾಗಿಲ್ಲ ಅಂದೆ. ಅವಳು ಹೌದೂ ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅತ್ತಿಗೆ, ಬಾಗಿಲಾಗೆ ಅದೇನೋ ಕೇಳ್ತಾರಲ್ಲ, ಅದಕ್ಕೆ ಏನು ಹೇಳ್ಬೇಕು?" ಅಂದ್ಲು.